ಮೆಲ್ಬರ್ನ್ ಕಣ: ಸೋಲುಗಳು ಕೊಡುವ ಸುಳಿವು

2025ರ ಜೂನ್‌ನಲ್ಲಿ ಪ್ಯಾರಿಸ್‌ನ ಕೆಂಪು ಮಣ್ಣಿನ ಮೇಲೆ ಐದು ಗಂಟೆ 29 ನಿಮಿಷ ನಡೆದ ಫ್ರೆಂಚ್ ಓಪನ್ ಫೈನಲ್‌ನಲ್ಲಿ ಯಾನಿಕ್ ಸಿನ್ನರ್ ಗಳಿಸಿದ ಪಾಯಿಂಟ್‌ಗಳು 193. ಕಾರ್ಲೋಸ್ ಅಲ್ಕರಾಜ್ ಗಳಿಸಿದ್ದು 192. ಕಪ್ ಎತ್ತಿದ್ದು ಮಾತ್ರ ಅಲ್ಕರಾಜ್. ನಾಲ್ಕನೇ ಸೆಟ್‌ನಲ್ಲಿ ಸಿನ್ನರ್ 5–3ರಿಂದ ಮುಂದಿದ್ದಾಗ, ಅಲ್ಕರಾಜ್ ಸರ್ವ್‌ನಲ್ಲಿ ಸ್ಕೋರು 0–40. ಪ್ರಶಸ್ತಿಗೆ ಬೇಕಿದ್ದದ್ದು ಒಂದೇ ಪಾಯಿಂಟ್, ಅದಕ್ಕೆ ಸಿಕ್ಕ ಅವಕಾಶಗಳು ಮೂರು. ಮೂರೂ ಕೈಜಾರಿದವು.

2026ರ ಆಸ್ಟ್ರೇಲಿಯನ್ ಓಪನ್ ಈ ಭಾನುವಾರ, ಜನವರಿ 18ರಂದು, ಮೆಲ್ಬರ್ನ್ ಪಾರ್ಕ್‌ನಲ್ಲಿ ಶುರುವಾಗುತ್ತಿದೆ. ಈ ಸಲ ಯಾರು ಗೆಲ್ಲಬಹುದು ಎಂಬ ಪ್ರಶ್ನೆ ಬಂದಾಗಲೆಲ್ಲ ಆ ಮೂರು ಪಾಯಿಂಟ್‌ಗಳು ನೆನಪಾಗುತ್ತವೆ. ಟೆನಿಸ್‌ನ ಲೆಕ್ಕಾಚಾರವೇ ವಿಚಿತ್ರ. ಕ್ರಿಕೆಟ್‌ನಲ್ಲಿ ಹೆಚ್ಚು ರನ್ ಹೊಡೆದವರು ಗೆಲ್ಲುತ್ತಾರೆ, ಫುಟ್‌ಬಾಲ್‌ನಲ್ಲಿ ಹೆಚ್ಚು ಗೋಲು ಹೊಡೆದವರು. ಟೆನಿಸ್‌ನಲ್ಲಿ ಹೆಚ್ಚು ಪಾಯಿಂಟ್ ಗಳಿಸಿದವರೇ ಸೋತು ಮನೆಗೆ ಹೋಗಬಹುದು. ರೋಜರ್ ಫೆಡರರ್ 2024ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಘಟಿಕೋತ್ಸವದಲ್ಲಿ ಮಾತನಾಡುತ್ತ ಒಂದು ಅಂಕಿ ಹೇಳಿದರು. ಅವರು ಆಡಿದ 1,526 ಸಿಂಗಲ್ಸ್ ಪಂದ್ಯಗಳಲ್ಲಿ ಗೆದ್ದದ್ದು ಸುಮಾರು ಶೇ 80ರಷ್ಟು. ಆದರೆ ಅವರು ಗೆದ್ದ ಪಾಯಿಂಟ್‌ಗಳು ಶೇ 54 ಮಾತ್ರ. ಸಾರ್ವಕಾಲಿಕ ಶ್ರೇಷ್ಠರಲ್ಲಿ ಒಬ್ಬರಾದವರೂ ಹತ್ತಿರಹತ್ತಿರ ಅರ್ಧದಷ್ಟು ಪಾಯಿಂಟ್‌ಗಳನ್ನು ಸೋತೇ ಆಡಿದ್ದಾರೆ.

ಹೀಗಿರುವಾಗ ಟೂರ್ನಿಗೆ ಮುನ್ನ ಆಟಗಾರರನ್ನು ಅಳೆಯುವುದು ಹೇಗೆ? ರ‍್ಯಾಂಕಿಂಗ್ ನೋಡಿದರೆ ಹಿಂದಿನ 52 ವಾರಗಳ ಗಳಿಕೆ ಗೊತ್ತಾಗುತ್ತದೆ. ಅದರಲ್ಲಿ ಮಣ್ಣಿನ ಅಂಕಣದ ಪಾಯಿಂಟ್ ಇದೆ, ಹುಲ್ಲಿನದ್ದಿದೆ, ನವೆಂಬರ್‌ನಲ್ಲಿ ಚಾವಣಿಯ ಕೆಳಗೆ ಆಡಿದ್ದೂ ಇದೆ. ಗೆಲುವುಗಳ ಪಟ್ಟಿ ಹಿಡಿದು ಕೂತರೂ ಹೆಚ್ಚು ಪ್ರಯೋಜನವಿಲ್ಲ. ಅಗ್ರ ಆಟಗಾರರ ಗೆಲುವುಗಳು ನೋಡಲು ಒಂದೇ ಥರ ಇರುತ್ತವೆ. ಮೊದಲ ಸರ್ವ್ ಬೀಳುತ್ತಿದೆ, ಫೋರ್‌ಹ್ಯಾಂಡ್ ಗೆರೆಯ ಹತ್ತಿರ ಹೋಗುತ್ತಿದೆ, 6–3, 6–4. ಅಂಥ ಗೆಲುವಿನಿಂದ ನಾವು ಕಲಿಯುವುದು ಕಡಿಮೆ. ಆಟಗಾರ ಎಲ್ಲಿ ಒಡೆಯುತ್ತಾನೆ ಎಂಬುದನ್ನು ತೋರಿಸುವುದು ಅವನ ಸೋಲು. ಅದಕ್ಕಿಂತ ಮುಖ್ಯವಾದದ್ದು, ಒಡೆದದ್ದನ್ನು ಮುಂದಿನ ವಾರಗಳಲ್ಲಿ ಅವನು ಸರಿಪಡಿಸಿಕೊಂಡನೇ ಎಂಬ ವಿಚಾರ. ಅದಕ್ಕೇ ಈ ಲೇಖನದಲ್ಲಿ ಸ್ಪರ್ಧಿಗಳನ್ನು ಅವರ ಕಳೆದ ವರ್ಷದ ಸೋಲುಗಳಿಂದ ತೂಗಿ ನೋಡುತ್ತಿದ್ದೇನೆ.

ಮೊದಲು ಆ ಜಾಗವನ್ನು ಅರಿಯಬೇಕು. ಮೆಲ್ಬರ್ನ್‌ನಲ್ಲಿ 1987ರವರೆಗೆ ಈ ಟೂರ್ನಿ ಕೂಯಾಂಗ್‌ನ ಹುಲ್ಲಿನ ಮೇಲೆ ನಡೆಯುತ್ತಿತ್ತು. 1988ರಲ್ಲಿ ಈಗಿನ ಜಾಗಕ್ಕೆ, ಗಟ್ಟಿ ಅಂಕಣಕ್ಕೆ ಬಂತು. ರಿಬೌಂಡ್ ಏಸ್ ಎಂಬ ಹಸಿರು ಮೇಲ್ಮೈ 2007ರ ತನಕ ಇತ್ತು, ಬಳಿಕ ನೀಲಿ ಪ್ಲೆಕ್ಸಿಕುಶನ್ ಬಂತು, 2020ರಿಂದ ಗ್ರೀನ್‌ಸೆಟ್. ಚೆಂಡು ಸಾಕಷ್ಟು ವೇಗವಾಗಿ ಬರುತ್ತದೆ, ಆದರೆ ಪುಟಿತ ಎಷ್ಟು ನಿಖರ ಎಂದರೆ ಒಳ್ಳೆಯ ರಿಟರ್ನ್ ಮಾಡುವವರಿಗೂ ಉಸಿರಾಡಲು ಜಾಗವಿದೆ. ಇದರ ಜತೆಗೆ ಜನವರಿಯ ಬಿಸಿಲು. ತೆಂಕಣ ಗೋಳಾರ್ಧದ ನಡುಬೇಸಿಗೆಯಲ್ಲಿ ಉತ್ತರದಿಂದ ಮರುಭೂಮಿಯ ಗಾಳಿ ಬೀಸಿದ ದಿನ ತಾಪಮಾನ 40 ಡಿಗ್ರಿ ದಾಟುತ್ತದೆ. ಸಮುದ್ರದ ಕಡೆಯಿಂದ ಗಾಳಿ ತಿರುಗಿತೋ, ಸಂಜೆಯೊಳಗೆ ಸ್ವೆಟರ್ ಹಾಕುವಷ್ಟು ತಂಪು. ಬಿಸಿಯಲ್ಲಿ ಚೆಂಡು ಹಗುರಾಗಿ ಹಾರಿ ಎತ್ತರಕ್ಕೆ ಪುಟಿಯುತ್ತದೆ. ರಾತ್ರಿ ಅದೇ ಅಂಕಣದಲ್ಲಿ ಅದೇ ಚೆಂಡು ಭಾರವಾಗಿ, ತಗ್ಗಿನಲ್ಲಿ ಬರುತ್ತದೆ. ಮಧ್ಯಾಹ್ನ ಎರಡು ಗಂಟೆಗೆ ಆಡಿ ಗೆದ್ದವರು ಮುಂದಿನ ಸುತ್ತನ್ನು ರಾತ್ರಿ ಒಂಬತ್ತಕ್ಕೆ ಆಡಬೇಕಾಗಿ ಬಂದರೆ ಅದು ಬೇರೆಯೇ ಟೂರ್ನಿ ಎನ್ನಿಸುವಷ್ಟು ವ್ಯತ್ಯಾಸ.

ಉಷ್ಣತೆಯನ್ನು ಅಳೆಯಲು 2019ರಿಂದ ಇಲ್ಲಿ ಒಂದರಿಂದ ಐದರವರೆಗಿನ ಮಾಪಕವಿದೆ. ಗಾಳಿಯ ಬಿಸಿ, ಬಿಸಿಲಿನ ಧಗೆ, ತೇವಾಂಶ, ಗಾಳಿಯ ವೇಗ ಇವೆಲ್ಲವನ್ನೂ ಸೇರಿಸಿ ಲೆಕ್ಕ ಹಾಕುತ್ತಾರೆ. ನಾಲ್ಕು ಮುಟ್ಟಿದರೆ ಸೆಟ್‌ಗಳ ನಡುವೆ ಹೆಚ್ಚುವರಿ ವಿರಾಮ, ಐದಕ್ಕೆ ಆಟ ನಿಲ್ಲುತ್ತದೆ. ರಾಡ್ ಲೇವರ್ ಅರೆನಾ ಸೇರಿ ಮೂರು ಕ್ರೀಡಾಂಗಣಗಳಿಗೆ ಮುಚ್ಚುವ ಚಾವಣಿ ಇದೆ. ಉಳಿದ ಅಂಕಣಗಳ ಆಟಗಾರರು ಕಾಯಬೇಕು. ಪ್ರಶಸ್ತಿಯ ಲೆಕ್ಕದಲ್ಲಿ ಇದು ಸಣ್ಣ ವಿಷಯವಲ್ಲ. ಅಗ್ರ ಶ್ರೇಯಾಂಕದವರು ಹೆಚ್ಚಾಗಿ ಚಾವಣಿಯ ಅಂಕಣಗಳಲ್ಲಿ, ಅದರಲ್ಲೂ ರಾತ್ರಿ ಆಡುತ್ತಾರೆ. ಅವರ ದೇಹ ಸವೆಯುವುದು ಕಡಿಮೆ.

ನಮ್ಮ ಓದುಗರಿಗೆ ಒಂದು ಅನುಕೂಲ. ಮೆಲ್ಬರ್ನ್ ನಮಗಿಂತ ಐದೂವರೆ ಗಂಟೆ ಮುಂದಿದೆ. ಅಲ್ಲಿನ ಹಗಲಿನ ಪಂದ್ಯಗಳು ಶುರುವಾಗುವ ಹೊತ್ತಿಗೆ ಇಲ್ಲಿ ಬೆಳಕು ಹರಿಯುತ್ತಿರುತ್ತದೆ, ಸಂಜೆ ಏಳರ ಪಂದ್ಯಕ್ಕೆ ಇಲ್ಲಿ ಮಧ್ಯಾಹ್ನ ಒಂದೂವರೆ. ನ್ಯೂಯಾರ್ಕ್‌ನ ಪಂದ್ಯಕ್ಕಾಗಿ ನಿದ್ದೆಗೆಟ್ಟವರಿಗೆ ಇದರ ಬೆಲೆ ಗೊತ್ತು.

ಪುರುಷರ ವಿಭಾಗದ ಮಾತು ಇಬ್ಬರಿಂದಲೇ ಶುರುವಾಗಬೇಕು. 2024 ಮತ್ತು 2025ರ ಎಂಟು ಗ್ರ್ಯಾನ್‌ಸ್ಲಾಮ್ ಪ್ರಶಸ್ತಿಗಳನ್ನು ಸಿನ್ನರ್ ಮತ್ತು ಅಲ್ಕರಾಜ್ ತಲಾ ನಾಲ್ಕರಂತೆ ಹಂಚಿಕೊಂಡಿದ್ದಾರೆ. ಕಳೆದ ವರ್ಷ ಅವರು ಆರು ಸಲ ಎದುರಾದರು, ಆರೂ ಫೈನಲ್‌ಗಳೇ. ಅಲ್ಕರಾಜ್ ನಾಲ್ಕು ಗೆದ್ದರು, ಸಿನ್ನರ್ ಎರಡು. ಒಟ್ಟಾರೆ ಮುಖಾಮುಖಿಯಲ್ಲಿ ಅಲ್ಕರಾಜ್ 10–6ರಿಂದ ಮುಂದಿದ್ದಾರೆ. ಈ ಅಂಕಿಗಳಷ್ಟೇ ನೋಡಿದರೆ 22ರ ಹರೆಯದ ಸ್ಪೇನ್ ಹುಡುಗನನ್ನು ಮುಂದಿಡಬೇಕು. ವಿಶ್ವದ ಅಗ್ರ ಸ್ಥಾನವೂ ಅವರದೇ, ಮೊದಲ ಶ್ರೇಯಾಂಕವೂ ಅವರದೇ.

ಆದರೆ ಮೆಲ್ಬರ್ನ್‌ನಲ್ಲಿ ಅಲ್ಕರಾಜ್ ಇನ್ನೂ ಸೆಮಿಫೈನಲ್ ಕಂಡಿಲ್ಲ. ವಿಂಬಲ್ಡನ್, ಪ್ಯಾರಿಸ್, ನ್ಯೂಯಾರ್ಕ್‌ಗಳಲ್ಲಿ ತಲಾ ಎರಡು ಪ್ರಶಸ್ತಿ ಗೆದ್ದವರು ಇಲ್ಲಿ ಎಂಟರ ಘಟ್ಟದಾಚೆ ಹೋಗಿಲ್ಲ. 2024ರಲ್ಲಿ ಅಲೆಕ್ಸಾಂಡರ್ ಜ್ವೆರೆವ್ ಎದುರು ನಾಲ್ಕು ಸೆಟ್‌ಗಳಲ್ಲಿ ಸೋತರು. 2025ರಲ್ಲಿ ನೊವಾಕ್ ಜೊಕೊವಿಚ್ ಎದುರು ಸೋತ ಬಗೆ ಇನ್ನೂ ಹೆಚ್ಚು ಹೇಳುತ್ತದೆ. ಮೊದಲ ಸೆಟ್‌ನಲ್ಲೇ ಜೊಕೊವಿಚ್ ಕಾಲಿಗೆ ನೋವು ಮಾಡಿಕೊಂಡರು. ಅಲ್ಕರಾಜ್ ಆ ಸೆಟ್ ಗೆದ್ದರು. ಅಲ್ಲಿಂದ ಅವರ ಗಮನ ತಮ್ಮ ಆಟದಿಂದ ಎದುರಾಳಿಯ ಕಾಲಿನ ಕಡೆಗೆ ಹೋಯಿತು. ಓಡಿಸಬೇಕಾದಲ್ಲಿ ಕಾದರು, ಹೊಡೆಯಬೇಕಾದಲ್ಲಿ ಡ್ರಾಪ್ ಶಾಟ್ ಆಡಿದರು. ನೋವು ಮರೆತ ಜೊಕೊವಿಚ್ ಮುಂದಿನ ಮೂರೂ ಸೆಟ್‌ಗಳನ್ನು ಕಿತ್ತುಕೊಂಡರು. ಅಲ್ಕರಾಜ್ ಕೈಯಲ್ಲಿ ಇಲ್ಲದ ಹೊಡೆತವಿಲ್ಲ, ಅವರ ಕಷ್ಟ ಇರುವುದೇ ಅಲ್ಲಿ. ಪ್ರತಿ ಚೆಂಡಿಗೂ ನಾಲ್ಕು ಉತ್ತರಗಳು ಹೊಳೆಯುವ ಆಟಗಾರ ತಪ್ಪು ಉತ್ತರ ಆರಿಸುವ ಸಾಧ್ಯತೆಯೂ ಹೆಚ್ಚು.

ಆ ಸೋಲಿನ ನಂತರದ ಎಂಟು ತಿಂಗಳಲ್ಲಿ ಅವರು ಬದಲಾದರು ಎನ್ನಲು ಪುರಾವೆ ಇದೆ. ವರ್ಷದ ಆರಂಭದಲ್ಲಿ ಸರ್ವ್ ಮಾಡುವ ಶೈಲಿಯನ್ನು ತಿದ್ದಿಕೊಂಡಿದ್ದರು, ಅದರ ಫಲ ಅಮೆರಿಕ ಓಪನ್‌ನಲ್ಲಿ ಕಂಡಿತು. ಇಡೀ ಟೂರ್ನಿಯಲ್ಲಿ ಅವರ ಸರ್ವ್ ಮುರಿದದ್ದು ಮೂರೇ ಸಲ. ಸೋತದ್ದು ಒಂದೇ ಸೆಟ್, ಅದೂ ಫೈನಲ್‌ನಲ್ಲಿ. ಸರ್ವ್ ಗಟ್ಟಿಯಾದರೆ ಆಯ್ಕೆಗಳ ಗೊಂದಲವೂ ಕಡಿಮೆಯಾಗುತ್ತದೆ, ಏಕೆಂದರೆ ಎರಡನೇ ಹೊಡೆತದಲ್ಲೇ ಅಂಕಣ ಅವರ ಹಿಡಿತಕ್ಕೆ ಬಂದಿರುತ್ತದೆ. ಇದು ನಿಜವಾದ ಪ್ರಗತಿ. ಇನ್ನೊಂದು ಕಡೆ, ಏಳು ವರ್ಷ ಜತೆಗಿದ್ದ ಕೋಚ್ ಹುವಾನ್ ಕಾರ್ಲೋಸ್ ಫೆರೆರೊ ಅವರಿಂದ ಡಿಸೆಂಬರ್‌ನಲ್ಲಿ ಬೇರಾಗಿದ್ದಾರೆ. ತಂಡದಲ್ಲಿ ಮೊದಲೇ ಇದ್ದ ಸ್ಯಾಮುಯೆಲ್ ಲೋಪೆಜ್ ಈಗ ಮುಖ್ಯ ಕೋಚ್. ಅಭ್ಯಾಸಕ್ಕೆ ಇದರಿಂದ ಧಕ್ಕೆಯಾಗಲಾರದು. ಆದರೆ ನಾಲ್ಕನೇ ಸೆಟ್‌ನಲ್ಲಿ ಆಟ ದಿಕ್ಕು ತಪ್ಪಿದಾಗ ಆಟಗಾರ ತಿರುಗಿ ನೋಡುವ ಮುಖ ಬದಲಾಗಿದೆ, ಮತ್ತು ಆ ಬದಲಾವಣೆಯ ಮೊದಲ ದೊಡ್ಡ ಪರೀಕ್ಷೆ ಅವರು ಎಂದೂ ಗೆಲ್ಲದ ಊರಿನಲ್ಲೇ ನಡೆಯಲಿದೆ. ಗೆದ್ದರೆ ನಾಲ್ಕೂ ಗ್ರ್ಯಾನ್‌ಸ್ಲಾಮ್‌ಗಳು ಕೈಸೇರುತ್ತವೆ. ರಫೆಲ್ ನಡಾಲ್ ಆ ಸಾಧನೆ ಪೂರೈಸಿದಾಗ ಅವರಿಗೆ 24 ವರ್ಷ.

ಸಿನ್ನರ್ ಇಲ್ಲಿ ಎರಡು ವರ್ಷಗಳಿಂದ ಸೋತಿಲ್ಲ. 2024ರ ಫೈನಲ್‌ನಲ್ಲಿ ಡಾನಿಲ್ ಮೆಡ್ವೆಡೆವ್ ಎದುರು ಎರಡು ಸೆಟ್ ಹಿಂದಿದ್ದು ಗೆದ್ದರು. 2025ರ ಫೈನಲ್‌ನಲ್ಲಿ ಜ್ವೆರೆವ್‌ಗೆ ಒಂದೇ ಒಂದು ಬ್ರೇಕ್ ಪಾಯಿಂಟ್ ಕೂಡ ಕೊಡಲಿಲ್ಲ. ಸತತ ಮೂರನೆಯದನ್ನು ಗೆದ್ದರೆ ಜೊಕೊವಿಚ್ 2019ರಿಂದ 2021ರವರೆಗೆ ಮಾಡಿದ್ದನ್ನು ಸರಿಗಟ್ಟುತ್ತಾರೆ. ಇಟಲಿಯ ಉತ್ತರದ ತುದಿಯ ಬೆಟ್ಟಗಳಲ್ಲಿ, ಹಿಮದ ಮೇಲೆ ಸ್ಕೀಯಿಂಗ್ ಮಾಡುತ್ತ ಬೆಳೆದ ಈ ಹುಡುಗನ ಸಮತೋಲನ ಬೆರಗು ಹುಟ್ಟಿಸುವಂಥದ್ದು. ಓಡುತ್ತಲೇ, ಒಂದು ಕಾಲಿನ ಮೇಲೆ ಜಾರುತ್ತಲೇ, ಚೆಂಡನ್ನು ಅದೇ ವೇಗದಲ್ಲಿ ಹಿಂದಿರುಗಿಸುತ್ತಾರೆ.

ಅವರ ಸೋಲುಗಳಲ್ಲಿ ಎರಡು ಬಗೆ. ಒಂದು, ಅಮೆರಿಕ ಓಪನ್ ಫೈನಲ್‌ನದ್ದು. ಅಲ್ಲಿ 6–2, 3–6, 6–1, 6–4ರಿಂದ ಸೋತ ಮೇಲೆ ಅವರು ತಮ್ಮ ಆಟ ಊಹಿಸಲು ಸುಲಭವಾಗಿಬಿಟ್ಟಿದೆ ಎಂದು ಮುಕ್ತವಾಗಿ ಒಪ್ಪಿಕೊಂಡರು. ಬದಲಾಗಬೇಕು, ಅದಕ್ಕಾಗಿ ಕೆಲವು ಪಂದ್ಯ ಸೋತರೂ ಚಿಂತೆಯಿಲ್ಲ ಎಂಬ ಧಾಟಿಯಲ್ಲಿ ಮಾತಾಡಿದರು. ಬಳಿಕ ಸರ್ವ್‌ಗೆ ಕೈಹಾಕಿದರು, ನೆಟ್ ಬಳಿ ಹೆಚ್ಚು ಬಂದರು, ಡ್ರಾಪ್ ಶಾಟ್ ಆಡತೊಡಗಿದರು. ನವೆಂಬರ್‌ನಲ್ಲಿ ಟ್ಯೂರಿನ್‌ನ ಎಟಿಪಿ ಫೈನಲ್ಸ್‌ನಲ್ಲಿ ಒಂದೂ ಸೆಟ್ ಸೋಲದೆ ಗೆದ್ದರು. ಫೈನಲ್‌ನಲ್ಲಿ ಎದುರಿಗಿದ್ದವರು ಅಲ್ಕರಾಜ್, ಸ್ಕೋರು 7–6, 7–5. ಸೋಲನ್ನು ಇಷ್ಟು ಬೇಗ ಪಾಠವಾಗಿ ಬದಲಿಸಿದ ಇನ್ನೊಬ್ಬ ಆಟಗಾರ ಈಗ ಪುರುಷರಲ್ಲಿ ಇಲ್ಲ ಎಂದು ನಾನು ನಂಬುತ್ತೇನೆ.

ಇನ್ನೊಂದು ಬಗೆಯ ಸೋಲು ದೇಹದ್ದು. ಅಕ್ಟೋಬರ್‌ನಲ್ಲಿ ಶಾಂಘೈನ ಸೆಕೆಯಲ್ಲಿ ಟ್ಯಾಲನ್ ಗ್ರೀಕ್‌ಸ್ಪೋರ್ ಎದುರು ಮೂರನೇ ಸೆಟ್ ಆಡುತ್ತಿದ್ದಾಗ ಸ್ನಾಯು ಸೆಳೆತದಿಂದ ನಡೆಯಲಾರದೆ ಪಂದ್ಯ ಬಿಟ್ಟರು. ಇದೇ ಮೆಲ್ಬರ್ನ್‌ನಲ್ಲಿ ಕಳೆದ ವರ್ಷ ಹೋಲ್ಗರ್ ರೂನೆ ಎದುರಿನ ಪಂದ್ಯದಲ್ಲಿ ಅಸ್ವಸ್ಥರಾಗಿ ಕೈ ನಡುಗುತ್ತಿತ್ತು. ಅವರದೇ ಸರ್ವ್ ತಗುಲಿ ನೆಟ್ ಕಿತ್ತು, ಆಟ ಸುಮಾರು 20 ನಿಮಿಷ ನಿಂತಿತು. ಚೇತರಿಸಿಕೊಳ್ಳಲು ಅದೂ ನೆರವಾಯಿತು. ದೀರ್ಘ ಐದು ಸೆಟ್‌ಗಳ ಪಂದ್ಯಗಳಲ್ಲಿ ಅವರ ದಾಖಲೆ ಹೇಳಿಕೊಳ್ಳುವಂತಿಲ್ಲ. 2022ರ ಅಮೆರಿಕ ಓಪನ್ ಕ್ವಾರ್ಟರ್‌ಫೈನಲ್, 2024ರ ಫ್ರೆಂಚ್ ಓಪನ್ ಸೆಮಿಫೈನಲ್, 2025ರ ಫ್ರೆಂಚ್ ಓಪನ್ ಫೈನಲ್, ಮೂರನ್ನೂ ಅಲ್ಕರಾಜ್‌ಗೆ ಐದನೇ ಸೆಟ್‌ನಲ್ಲಿ ಒಪ್ಪಿಸಿದರು. ಆಟದ ದೋಷವನ್ನು ಎರಡು ತಿಂಗಳಲ್ಲಿ ತಿದ್ದಬಹುದು, ದೇಹದ ಸ್ವಭಾವವನ್ನು ತಿದ್ದುವುದು ಅಷ್ಟು ಸುಲಭವಲ್ಲ. ಹಾಗಾಗಿ ಸಿನ್ನರ್ ಬಗ್ಗೆ ನನ್ನ ಲೆಕ್ಕ ಸರಳ. ರಾತ್ರಿ ಆಡಿದರೆ, ಮೂರು ನಾಲ್ಕು ಸೆಟ್‌ಗಳಲ್ಲಿ ಮುಗಿಸುತ್ತ ಬಂದರೆ, ಪ್ರಶಸ್ತಿ ಅವರದು. ಹಗಲಿನ ಬೆಂಕಿಯಲ್ಲಿ ಯಾರಾದರೂ ಅವರನ್ನು ನಾಲ್ಕು ಗಂಟೆ ನಿಲ್ಲಿಸಿದರೆ ಪಂದ್ಯ ತೆರೆದುಕೊಳ್ಳುತ್ತದೆ.

ಅದೃಷ್ಟದ ಪಾಲನ್ನೂ ಮರೆಯಬಾರದು. ಸಿನ್ನರ್ ಕಳೆದ ವರ್ಷ ವಿಂಬಲ್ಡನ್ ಗೆದ್ದರಲ್ಲ, ಆ ಟೂರ್ನಿಯ ನಾಲ್ಕನೇ ಸುತ್ತಿನಲ್ಲಿ ಗ್ರಿಗೊರ್ ಡಿಮಿಟ್ರೊವ್ ಎದುರು ಎರಡು ಸೆಟ್ ಹಿಂದಿದ್ದರು. ಡಿಮಿಟ್ರೊವ್ ಎದೆಯ ಸ್ನಾಯುವಿಗೆ ಪೆಟ್ಟಾಗಿ ಕಣ್ಣೀರಿನೊಂದಿಗೆ ಹೊರನಡೆದರು. ಏಳು ಪಂದ್ಯಗಳ ಹಾದಿಯಲ್ಲಿ ಇಂಥದ್ದೊಂದು ತಿರುವು ಇಲ್ಲದ ಚಾಂಪಿಯನ್ ಅಪರೂಪ.

ಆ ಹಾದಿಯನ್ನು ನಿರ್ಧರಿಸುವುದು ಡ್ರಾ. 128 ಮಂದಿಯಲ್ಲಿ 32 ಮಂದಿಗೆ ಶ್ರೇಯಾಂಕ. ಒಂದು ಮತ್ತು ಎರಡನೇ ಶ್ರೇಯಾಂಕದವರು ಎದುರುಬದುರು ಭಾಗಗಳಲ್ಲಿ ಇರಲೇಬೇಕು. ಮೂರು, ನಾಲ್ಕನೆಯವರು ಯಾವ ಭಾಗಕ್ಕೆ ಎಂಬುದನ್ನು ಚೀಟಿ ಎತ್ತಿಯೇ ತೀರ್ಮಾನಿಸುತ್ತಾರೆ. ಈ ವಾರದ ಚೀಟಿಯಲ್ಲಿ ನಾಲ್ಕನೇ ಶ್ರೇಯಾಂಕದ ಜೊಕೊವಿಚ್ ಸಿನ್ನರ್ ಭಾಗಕ್ಕೆ ಬಿದ್ದಿದ್ದಾರೆ, ಮೂರನೆಯ ಜ್ವೆರೆವ್ ಅಲ್ಕರಾಜ್ ಭಾಗಕ್ಕೆ.

ನೊವಾಕ್ ಜೊಕೊವಿಚ್‌ಗೆ 38 ವರ್ಷ. ಈ ಅಂಕಣಗಳಲ್ಲಿ ಹತ್ತು ಪ್ರಶಸ್ತಿ, ಒಟ್ಟು 24 ಗ್ರ್ಯಾನ್‌ಸ್ಲಾಮ್. ಕೊನೆಯದು 2023ರ ಅಮೆರಿಕ ಓಪನ್. ಕೆನ್ ರೋಸ್‌ವಾಲ್ 1972ರಲ್ಲಿ ಇದೇ ಆಸ್ಟ್ರೇಲಿಯನ್ ಓಪನ್ ಗೆದ್ದಾಗ ಅವರಿಗೆ 37 ವರ್ಷ. ಮುಕ್ತ ಯುಗದಲ್ಲಿ ಅದಕ್ಕಿಂತ ಹಿರಿಯ ಪುರುಷ ಚಾಂಪಿಯನ್ ಇಲ್ಲ. ಕಳೆದ ವರ್ಷ ಜೊಕೊವಿಚ್ ನಾಲ್ಕೂ ಗ್ರ್ಯಾನ್‌ಸ್ಲಾಮ್‌ಗಳಲ್ಲಿ ಸೆಮಿಫೈನಲ್ ತಲುಪಿದರು, ನಾಲ್ಕರಲ್ಲೂ ಅಲ್ಲೇ ನಿಂತರು. ಇಲ್ಲಿ ಜ್ವೆರೆವ್ ಎದುರು ಒಂದು ಸೆಟ್ ಆಡಿ ಗಾಯದಿಂದ ಹಿಂದೆ ಸರಿದರು. ಪ್ಯಾರಿಸ್ ಮತ್ತು ವಿಂಬಲ್ಡನ್‌ನಲ್ಲಿ ಸಿನ್ನರ್, ನ್ಯೂಯಾರ್ಕ್‌ನಲ್ಲಿ ಅಲ್ಕರಾಜ್, ಮೂರರಲ್ಲೂ ನೇರ ಸೆಟ್‌ಗಳ ಸೋಲು. ಇದರ ಅರ್ಥ ಸ್ಪಷ್ಟ. ಐದು ಪಂದ್ಯಗಳವರೆಗೆ ಅವರ ಬುದ್ಧಿ, ರಿಟರ್ನ್, ಸರ್ವ್ ಇವು ಜಗತ್ತಿನ ಬೇರೆ ಯಾರನ್ನಾದರೂ ಮಣಿಸಲು ಸಾಕು. ಆರನೆಯ ಮತ್ತು ಏಳನೆಯ ಪಂದ್ಯಕ್ಕೆ ಕಾಲು ಸಹಕರಿಸುತ್ತಿಲ್ಲ. ಅದಕ್ಕೇ ಅವರು ಈ ಸಲ ಅಡಿಲೇಡ್‌ನ ಪೂರ್ವಭಾವಿ ಟೂರ್ನಿಯಿಂದಲೂ ಹಿಂದೆ ಸರಿದರು. ಸಿನ್ನರ್ ಎದುರು ಸತತ ಐದು ಸೋಲು ಕಂಡಿದ್ದಾರೆ. ಆದರೂ ಮೊದಲ ವಾರದ ಪಂದ್ಯಗಳನ್ನು ಎರಡು ಗಂಟೆಯೊಳಗೆ ಮುಗಿಸಿ, ಎರಡನೇ ವಾರಕ್ಕೆ ತಾಜಾ ಆಗಿ ಬಂದ ಜೊಕೊವಿಚ್‌ರನ್ನು ಈ ಊರಿನಲ್ಲಿ ಪಟ್ಟಿಯಿಂದ ಹೊರಗಿಡುವ ಧೈರ್ಯ ನನಗಿಲ್ಲ. ಅವರ ಸ್ಕೋರಿಗಿಂತ ಅಂಕಣದಲ್ಲಿ ಕಳೆದ ಗಂಟೆಗಳನ್ನು ಲೆಕ್ಕ ಇಡಿ.

ಜ್ವೆರೆವ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮೂರು ಗ್ರ್ಯಾನ್‌ಸ್ಲಾಮ್ ಫೈನಲ್, ಮೂರೂ ಸೋಲು. 2020ರಲ್ಲಿ ಡೊಮಿನಿಕ್ ಥೀಮ್ ಎದುರು ಎರಡು ಸೆಟ್ ಮುಂದಿದ್ದು ಸೋತರು. ಬಿಕ್ಕಟ್ಟಿನ ಪಾಯಿಂಟ್ ಬಂದಾಗ ಬೇಸ್‌ಲೈನ್‌ನಿಂದ ಹಿಂದೆ ಸರಿದು, ಎದುರಾಳಿ ತಪ್ಪು ಮಾಡಲಿ ಎಂದು ಕಾಯುವ ಅಭ್ಯಾಸ ಅಂದಿನಿಂದ ಇಂದಿನವರೆಗೂ ಹೋಗಿಲ್ಲ. ಬೆನ್ ಶೆಲ್ಟನ್‌ನ ಎಡಗೈ ಸರ್ವ್, ಟೇಲರ್ ಫ್ರಿಟ್ಜ್, ಲೊರೆಂಜೊ ಮುಸೆಟ್ಟಿ, ಬ್ರಿಸ್ಬೇನ್ ಗೆದ್ದು ಬಂದಿರುವ ಮೆಡ್ವೆಡೆವ್, ಇವರಲ್ಲಿ ಯಾರಾದರೂ ಸಿನ್ನರ್, ಅಲ್ಕರಾಜ್ ಇಬ್ಬರಲ್ಲಿ ಒಬ್ಬರನ್ನು ಕೆಡವಬಲ್ಲರು. ಇಬ್ಬರನ್ನೂ ಒಂದೇ ವಾರದಲ್ಲಿ, ಐದು ಸೆಟ್‌ಗಳ ಪಂದ್ಯದಲ್ಲಿ ಕೆಡವುವುದು ಬೇರೆ ಮಾತು.

ಆತಿಥೇಯರ ಆಸೆಯೆಲ್ಲ ಆರನೇ ಶ್ರೇಯಾಂಕದ ಅಲೆಕ್ಸ್ ಡಿ ಮಿನೋರ್ ಮೇಲೆ. ಕಾಲಿನ ವೇಗದಲ್ಲಿ ಅವರಿಗೆ ಸಾಟಿ ಇಲ್ಲ. ಆದರೆ ಸಿನ್ನರ್ ಎದುರು ಅವರು ಇದುವರೆಗೆ ಒಂದೂ ಪಂದ್ಯ ಗೆದ್ದಿಲ್ಲ, ಡ್ರಾದಲ್ಲಿ ಬಿದ್ದಿರುವುದು ಅಲ್ಕರಾಜ್ ಇರುವ ಕಾಲುಭಾಗಕ್ಕೆ. ಇಲ್ಲಿ ಕೊನೆಯ ಬಾರಿ ಆಸ್ಟ್ರೇಲಿಯಾದ ಪುರುಷನೊಬ್ಬ ಗೆದ್ದು ಸರಿಯಾಗಿ 50 ವರ್ಷವಾಯಿತು. 1976ರಲ್ಲಿ ಮಾರ್ಕ್ ಎಡ್ಮಂಡ್‌ಸನ್ 212ನೇ ರ‍್ಯಾಂಕಿನಲ್ಲಿದ್ದು, ಸೆಮಿಫೈನಲ್‌ನಲ್ಲಿ ರೋಸ್‌ವಾಲ್ ಅವರನ್ನೂ ಫೈನಲ್‌ನಲ್ಲಿ ಜಾನ್ ನ್ಯೂಕೋಂಬ್ ಅವರನ್ನೂ ಸೋಲಿಸಿ ಕಪ್ ಎತ್ತಿದರು. ಟೂರ್ನಿಗೆ ಮುನ್ನ ಆ ವರ್ಷ ಯಾವ ಪತ್ರಿಕೆಯ ಲೇಖಕನೂ ಅವರ ಹೆಸರನ್ನು ಬರೆದಿರಲಾರ.

ಕನ್ನಡಿಗರಿಗೆ ರಾಡ್ ಲೇವರ್ ಅರೆನಾ ಎಂದರೆ ಇನ್ನೊಂದು ನೆನಪಿದೆ. 2024ರ ಜನವರಿಯಲ್ಲಿ ಕೊಡಗಿನ ರೋಹನ್ ಬೋಪಣ್ಣ ಮ್ಯಾಥ್ಯೂ ಎಬ್ಡೆನ್ ಜತೆ ಅಲ್ಲಿ ಪುರುಷರ ಡಬಲ್ಸ್ ಪ್ರಶಸ್ತಿ ಗೆದ್ದರು. 43ನೇ ವಯಸ್ಸಿನಲ್ಲಿ, ಡಬಲ್ಸ್‌ನಲ್ಲಿ ವಿಶ್ವದ ಮೊದಲ ಸ್ಥಾನಕ್ಕೂ ಏರಿದರು. ಅದಕ್ಕೂ ಹಿಂದಿನ ವರ್ಷ ಸಾನಿಯಾ ಮಿರ್ಜಾ ಜತೆ ಮಿಶ್ರ ಡಬಲ್ಸ್ ಫೈನಲ್‌ನಲ್ಲಿ ಸೋತಿದ್ದು ಇದೇ ಅಂಕಣದಲ್ಲಿ. ಮೊಣಕಾಲಿನ ಮೃದ್ವಸ್ಥಿ ಸವೆದ ಮೇಲೂ ಆಡಿ, ಕಳೆದ ನವೆಂಬರ್‌ನಲ್ಲಿ ವಿದಾಯ ಹೇಳಿದರು. ಈ ಸಲ ಮೆಲ್ಬರ್ನ್‌ನ ಡಬಲ್ಸ್ ಪಟ್ಟಿಯಲ್ಲಿ ಆ ಹೆಸರು ಇಲ್ಲದಿರುವುದು ನನ್ನಂಥವರಿಗೆ ನೋವಿನ ಸಂಗತಿ.

ಮಹಿಳೆಯರ ವಿಭಾಗಕ್ಕೆ ಬಂದರೆ ಲೆಕ್ಕವೇ ಬೇರೆ. ಕಳೆದ ವರ್ಷ ನಾಲ್ಕು ಗ್ರ್ಯಾನ್‌ಸ್ಲಾಮ್‌ಗಳಿಗೆ ನಾಲ್ವರು ಚಾಂಪಿಯನ್ನರು. ಇಲ್ಲಿ ಮ್ಯಾಡಿಸನ್ ಕೀಸ್, ಪ್ಯಾರಿಸ್‌ನಲ್ಲಿ ಕೊಕೊ ಗಾಫ್, ವಿಂಬಲ್ಡನ್‌ನಲ್ಲಿ ಇಗಾ ಶ್ವಾಂಟೆಕ್, ನ್ಯೂಯಾರ್ಕ್‌ನಲ್ಲಿ ಅರಿನಾ ಸಬಲೆಂಕಾ. ಇದನ್ನು ಅಸ್ಥಿರತೆ ಎಂದು ಕರೆಯುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಮೂರು ಸೆಟ್‌ಗಳ ಪಂದ್ಯದಲ್ಲಿ ಹತ್ತು ನಿಮಿಷ ಮೈಮರೆತರೆ ತಿರುಗಿ ಬರಲು ಸಮಯವಿಲ್ಲ. ಪುರುಷರಿಗೆ ಐದು ಸೆಟ್‌ಗಳು ಕೊಡುವ ರಕ್ಷಣೆ ಇಲ್ಲಿಲ್ಲ. ಮೇಲಾಗಿ ಅಗ್ರ ಆರೇಳು ಮಂದಿಯ ನಡುವಿನ ಅಂತರ ತೀರ ಕಡಿಮೆ. ಪೈಪೋಟಿ ಇಷ್ಟು ಹತ್ತಿರದ್ದಾಗಿರುವುದರಿಂದಲೇ ಮಹಿಳೆಯರ ಡ್ರಾ ಓದುವುದು ಈಗ ಹೆಚ್ಚು ರೋಚಕ.

ಸಬಲೆಂಕಾ ಅಗ್ರ ಶ್ರೇಯಾಂಕದವರು, 2023 ಮತ್ತು 2024ರ ಚಾಂಪಿಯನ್, ಕಳೆದ ವರ್ಷದ ರನ್ನರ್ ಅಪ್, ಕಳೆದ ವಾರವಷ್ಟೇ ಬ್ರಿಸ್ಬೇನ್ ಗೆದ್ದವರು. ಗಟ್ಟಿ ಅಂಕಣದಲ್ಲಿ ಅವರಷ್ಟು ನಂಬಿಕಸ್ಥ ಆಟಗಾರ್ತಿ ಇಲ್ಲ. ಈ ಸ್ಥಿತಿಗೆ ಅವರು ಬಂದ ದಾರಿಯನ್ನು ನೆನೆಯಬೇಕು. 2022ರಲ್ಲಿ ಅವರ ಸರ್ವ್ ಪೂರ್ತಿ ಕುಸಿದಿತ್ತು. ಅಡಿಲೇಡ್‌ನಲ್ಲಿ ಕೈ ಮೇಲೆತ್ತಿ ಸರ್ವ್ ಮಾಡಲಾಗದೆ, ಕಣ್ಣೀರು ಸುರಿಸುತ್ತ, ಕೆಳಗಿನಿಂದ ಚೆಂಡು ತಳ್ಳಿದರು. ಆ ವರ್ಷ ಅವರ ಡಬಲ್ ಫಾಲ್ಟ್‌ಗಳು 400 ದಾಟಿದವು. ಗ್ಯಾವಿನ್ ಮ್ಯಾಕ್‌ಮಿಲನ್ ಎಂಬ ದೇಹಚಲನೆಯ ತಜ್ಞರ ಜತೆ ಕೂತು ಭುಜ, ಮೊಣಕೈ, ಚೆಂಡು ಎಸೆಯುವ ಎತ್ತರ ಎಲ್ಲವನ್ನೂ ಮೊದಲಿನಿಂದ ಕಟ್ಟಿದರು. ಮುಂದಿನ ಜನವರಿಯಲ್ಲೇ ಚಾಂಪಿಯನ್. ಕ್ರೀಡೆಯಲ್ಲಿ ನಾನು ಕಂಡ ಅತ್ಯಂತ ಧೈರ್ಯದ ಕೆಲಸಗಳಲ್ಲಿ ಇದೂ ಒಂದು.

ಈಗ ಅವರ ಸೋಲುಗಳು ಸರ್ವ್‌ನಿಂದ ಬರುತ್ತಿಲ್ಲ. ಕಳೆದ ವರ್ಷ ಒಂಬತ್ತು ಫೈನಲ್ ತಲುಪಿ ನಾಲ್ಕನ್ನು ಗೆದ್ದರು, ಐದನ್ನು ಸೋತರು. ಪ್ಯಾರಿಸ್‌ನ ಗಾಳಿಯಲ್ಲಿ ಗಾಫ್ ಎದುರು ಮೊದಲ ಸೆಟ್ ಗೆದ್ದೂ ಸೋತಾಗ ಅವರ ಸ್ವಯಂಕೃತ ತಪ್ಪುಗಳು 70. ಇಲ್ಲಿ ಕೀಸ್ ಎದುರು ಮೂರನೇ ಸೆಟ್ 5–7. ನವೆಂಬರ್‌ನಲ್ಲಿ ರಿಯಾದ್‌ನ ಡಬ್ಲ್ಯುಟಿಎ ಫೈನಲ್ಸ್‌ನ ಕೊನೆಯ ಪಂದ್ಯದ ಟೈಬ್ರೇಕ್‌ನಲ್ಲಿ ಎಲೆನಾ ರಿಬಾಕಿನಾ ಎದುರು ಒಂದು ಪಾಯಿಂಟ್ ಕೂಡ ಸಿಗಲಿಲ್ಲ, 0–7. ತಮ್ಮಷ್ಟೇ ಬಲವಾಗಿ ಹೊಡೆಯುವವರು ಎದುರಿಗಿದ್ದು, ತಮ್ಮ ಯೋಜನೆ ನಡೆಯದಿದ್ದಾಗ, ಅವರು ಸಿಟ್ಟಿನಲ್ಲಿ ಇನ್ನೂ ಜೋರಾಗಿ ಹೊಡೆಯುತ್ತಾರೆ. ನ್ಯೂಯಾರ್ಕ್ ಫೈನಲ್‌ನಲ್ಲಿ ಮಾತ್ರ ಅಮಂಡಾ ಅನಿಸಿಮೋವಾ ಎದುರು ಭಾವನೆಗಳನ್ನು ಹಿಡಿದಿಟ್ಟುಕೊಂಡು ಆಡಿ ಗೆದ್ದರು. ಪಾಠ ಅವರಿಗೆ ಗೊತ್ತಿದೆ. ಪ್ರತಿ ಸಲವೂ ಅದು ನೆನಪಿಗೆ ಬರುತ್ತಿಲ್ಲ, ಅಷ್ಟೇ.

ಮ್ಯಾಕ್‌ಮಿಲನ್ ಈಗ ಗಾಫ್ ಜತೆಗಿದ್ದಾರೆ. ಕಳೆದ ಆಗಸ್ಟ್‌ನಲ್ಲಿ, ಅಮೆರಿಕ ಓಪನ್‌ಗೆ ಕೆಲವೇ ದಿನ ಮುನ್ನ, ಗಾಫ್ ಅವರನ್ನು ಕರೆಸಿಕೊಂಡರು. ಗಾಫ್‌ರ ಡಬಲ್ ಫಾಲ್ಟ್‌ಗಳೂ 2025ರಲ್ಲಿ 400 ಮೀರಿದ್ದವು. 21ರ ಗಾಫ್ ಈಗಿರುವುದು ಸಬಲೆಂಕಾ 2022ರ ಕೊನೆಗಿದ್ದ ಜಾಗದಲ್ಲಿ. ಆ ಸರ್ವ್ ಕೂಡಿಬಂದರೆ, ಓಟ ಮತ್ತು ಬ್ಯಾಕ್‌ಹ್ಯಾಂಡ್‌ನಲ್ಲಿ ಅವರನ್ನು ಹಿಂದಿಕ್ಕುವವರಿಲ್ಲ. ಈ ಜನವರಿಗೇ ಕೂಡಿಬರುತ್ತದೆಯೇ ಎಂಬುದು ಅನುಮಾನ. ಅವರು ಸಬಲೆಂಕಾ ಭಾಗದಲ್ಲೇ ಇದ್ದಾರೆ.

ಹಾಲಿ ಚಾಂಪಿಯನ್ ಕೀಸ್ ಕಳೆದ ಸಲ ಅಗ್ರ ಎರಡು ಸ್ಥಾನದವರನ್ನು ಒಬ್ಬರ ಹಿಂದೆ ಒಬ್ಬರಂತೆ ಸೋಲಿಸಿದ್ದು ಮರೆಯಲಾಗದ ಸಾಧನೆ. ಆಗ ಅವರಿಗೆ 19ನೇ ಶ್ರೇಯಾಂಕ, ಹೊಸ ರ‍್ಯಾಕೆಟ್, ಪತಿಯೇ ಕೋಚ್. ಅದಾದ ಮೇಲೆ ಅಮೆರಿಕ ಓಪನ್ ಮೊದಲ ಸುತ್ತಿನಲ್ಲೇ 89 ಸ್ವಯಂಕೃತ ತಪ್ಪುಗಳೊಂದಿಗೆ ಹೊರಬಿದ್ದರು. ಅವರ ಆಟದ ಎರಡು ತುದಿಗಳೂ ಅವೇ.

ಅಮಂಡಾ ಅನಿಸಿಮೋವಾ ಹೆಸರನ್ನು ವಿಶೇಷ ಪ್ರೀತಿಯಿಂದ ಬರೆಯುತ್ತಿದ್ದೇನೆ. ವಿಂಬಲ್ಡನ್ ಫೈನಲ್‌ನಲ್ಲಿ ಶ್ವಾಂಟೆಕ್ ಎದುರು 0–6, 0–6. ಜಗತ್ತಿನ ಕಣ್ಣೆದುರು ಒಂದೂ ಗೇಮ್ ಸಿಗದ ಸೋಲು. ಎರಡು ತಿಂಗಳೊಳಗೆ ಅಮೆರಿಕ ಓಪನ್ ಕ್ವಾರ್ಟರ್‌ಫೈನಲ್‌ನಲ್ಲಿ ಅದೇ ಶ್ವಾಂಟೆಕ್ ಎದುರು ಬಂದರು, ನೇರ ಸೆಟ್‌ಗಳಲ್ಲಿ ಗೆದ್ದರು, ಫೈನಲ್‌ಗೂ ಹೋದರು, ಬಳಿಕ ಬೀಜಿಂಗ್‌ನಲ್ಲಿ ಪ್ರಶಸ್ತಿ ಎತ್ತಿದರು. ಅವರ ಬ್ಯಾಕ್‌ಹ್ಯಾಂಡ್ ಈಗ ಮಹಿಳಾ ಟೆನಿಸ್‌ನ ಅತಿ ಸುಂದರ ಹೊಡೆತ. ನಾಲ್ಕನೇ ಶ್ರೇಯಾಂಕದ ಅವರು ಎರಡನೇ ವಾರದಲ್ಲಿ ಇದ್ದೇ ಇರುತ್ತಾರೆ.

ಶ್ವಾಂಟೆಕ್‌ಗೂ ಅಲ್ಕರಾಜ್‌ರಂತೆ ಇದೊಂದೇ ಬಾಕಿ. ಕಳೆದ ವರ್ಷ ಇಲ್ಲಿ ಮೊದಲ ಐದು ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು ಬರೀ 14 ಗೇಮ್. ಸೆಮಿಫೈನಲ್‌ನಲ್ಲಿ ಕೀಸ್ ಎದುರು ಮ್ಯಾಚ್ ಪಾಯಿಂಟ್ ತನಕ ಬಂದು, ನಿರ್ಣಾಯಕ ಟೈಬ್ರೇಕ್‌ನಲ್ಲಿ 8–10ರಿಂದ ಸೋತರು. ಅವರನ್ನು ಕೆಡವಿದವರ ಪಟ್ಟಿ ನೋಡಿದರೆ ಒಂದು ಎಳೆ ಕಾಣುತ್ತದೆ. ಕೀಸ್, ಅನಿಸಿಮೋವಾ, ರಿಬಾಕಿನಾ, ಎಲ್ಲರೂ ಚಪ್ಪಟೆಯಾಗಿ, ಬೇಗನೆ, ಗಟ್ಟಿಯಾಗಿ ಹೊಡೆಯುವವರು. ಶ್ವಾಂಟೆಕ್‌ರ ಫೋರ್‌ಹ್ಯಾಂಡ್‌ಗೆ ಹಿಂದೆ ಎಳೆಯಲು ಸಮಯ ಬೇಕು. ಮಣ್ಣಿನಲ್ಲಿ ಆ ಸಮಯ ತಾನಾಗಿ ಸಿಗುತ್ತದೆ, ಮೆಲ್ಬರ್ನ್‌ನ ಹಗಲಿನಲ್ಲಿ ಸಿಗದು. ಈ ತಿಂಗಳು ಯುನೈಟೆಡ್ ಕಪ್ ಅನ್ನು ಪೋಲೆಂಡ್ ಗೆದ್ದರೂ ಶ್ವಾಂಟೆಕ್ ಸೆಮಿಫೈನಲ್‌ನಲ್ಲಿ ಗಾಫ್‌ಗೆ, ಫೈನಲ್‌ನಲ್ಲಿ ಬೆಲಿಂಡಾ ಬೆನ್ಚಿಚ್‌ಗೆ ಸೋತರು.

ಡ್ರಾ ಅವರನ್ನು ಐದನೇ ಶ್ರೇಯಾಂಕದ ರಿಬಾಕಿನಾ ಇರುವ ಕಾಲುಭಾಗದಲ್ಲೇ ಕೂರಿಸಿದೆ. ಇಡೀ ಟೂರ್ನಿಯಲ್ಲಿ ನಾನು ಕಾಯುತ್ತಿರುವ ಪಂದ್ಯ ಅದು, ಇಬ್ಬರೂ ಅಲ್ಲಿಯವರೆಗೆ ಬಂದರೆ. ರಿಯಾದ್‌ನಲ್ಲಿ ಶ್ವಾಂಟೆಕ್ ಎದುರು ಮೊದಲ ಸೆಟ್ ಸೋತ ರಿಬಾಕಿನಾ ಉಳಿದೆರಡನ್ನು 6–1, 6–0ರಿಂದ ಗೆದ್ದಿದ್ದರು. ಅಲ್ಲಿ ಆಡಿದ ಐದೂ ಪಂದ್ಯಗಳನ್ನು ಗೆದ್ದು ಚಾಂಪಿಯನ್ ಆದರು. ವರ್ಷದಲ್ಲಿ 500ಕ್ಕೂ ಹೆಚ್ಚು ಏಸ್ ಹೊಡೆದ ಸರ್ವ್ ಅವರದು. 2023ರಲ್ಲಿ ಇಲ್ಲಿ ಫೈನಲ್ ತಲುಪಿ, ಮೊದಲ ಸೆಟ್ ಗೆದ್ದು, ಸಬಲೆಂಕಾಗೆ ಸೋತಿದ್ದರು. ಆ ಬಳಿಕದ ಎರಡು ವರ್ಷ ಅನಾರೋಗ್ಯ, ಗಾಯ, ತಂಡದೊಳಗಿನ ಗೊಂದಲಗಳಲ್ಲಿ ಕಳೆದವು. ಅವರ ಸೋಲುಗಳು ಬಹುಪಾಲು ಮೈ ಸೋತ ದಿನಗಳವು. ಆಟದಲ್ಲಿ ಮೂಲ ದೋಷ ಹುಡುಕಿದರೆ ಸಿಗುವುದು ಕಷ್ಟ. ಈಗ ಮೈ ಸುಧಾರಿಸಿದೆ, ವರ್ಷದ ಕೊನೆಯ ತಿಂಗಳುಗಳ ಫಲಿತಾಂಶ ಅದನ್ನೇ ಹೇಳುತ್ತಿದೆ.

ಪುರುಷರಲ್ಲಿ ನನ್ನ ಆಯ್ಕೆ ಸಿನ್ನರ್, ಕೂದಲೆಳೆಯ ಅಂತರದಿಂದ, ಬಿಸಿಲು ಕರುಣೆ ತೋರಿದರೆ. ಮಹಿಳೆಯರಲ್ಲಿ ಹೆಚ್ಚಿನವರು ಸಬಲೆಂಕಾ ಎನ್ನುತ್ತಾರೆ, ಅದಕ್ಕೆ ಕಾರಣಗಳೂ ಇವೆ. ನಾನು ರಿಬಾಕಿನಾ ಹೆಸರು ಬರೆಯುತ್ತೇನೆ. ಮೊದಲ ಮೂರು ಸುತ್ತುಗಳಲ್ಲಿ ಅವರ ಏಸ್‌ಗಳನ್ನು ಎಣಿಸುವ ಗೋಜಿಗೆ ಹೋಗಬೇಡಿ, ಎರಡನೇ ಸರ್ವ್ ಮೇಲೆ ಕಣ್ಣಿಡಿ. ಮೊದಲ ಸರ್ವ್ ತಪ್ಪಿದಾಗಲೂ ಅರ್ಧಕ್ಕಿಂತ ಹೆಚ್ಚು ಪಾಯಿಂಟ್ ಗೆಲ್ಲುತ್ತಿದ್ದರೆ, ಜನವರಿ 31ರ ಶನಿವಾರ ಮಧ್ಯಾಹ್ನ ಎರಡರ ಹೊತ್ತಿಗೆ ಟಿ.ವಿ. ಮುಂದೆ ಕೂರಲು ಈಗಲೇ ಬಿಡುವು ಮಾಡಿಕೊಳ್ಳಬಹುದು.